ಹುಷಾರಿಲ್ಲದವರ ಚೀಟಿ

ಈಸ್ಟರ್ ಕಳೆದ ಎರಡನೆಯ ಭಾನುವಾರ ರಾಯಪ್ಪನಕೊಪ್ಪಲಿನಲ್ಲಿ ಗಂಭೀರವಾದ ಘಟನೆಯೊಂದು ನಡೆಯಿತು. ಬೆಳಗಿನ ಪೂಜೆಯಲ್ಲಿ ಮುನ್ನೂರು ಚಿಲ್ಲರೆ ಬಾಯಿಗಳು ಒಟ್ಟಿಗೆ ತೆರೆಯಬೇಕಾದ ಹೊತ್ತಿನಲ್ಲಿ ಒಂದು ಬಾಯಿ ತೆರೆಯಲಿಲ್ಲ.

ಬಾಯಿ ಲೂರ್ದು ಮೇರಿಯದು. ವಯಸ್ಸು ಹದಿನೈದು. ಪಕ್ಕದ ಬೆಂಚಿನ ತೆರೇಸಮ್ಮ ಕಣ್ಣು ಮುಚ್ಚಿ ಪ್ರಾರ್ಥಿಸುವವರಲ್ಲ, ಆದ್ದರಿಂದ ವಿಷಯ ಹೊರಬಿತ್ತು.

ಮಧ್ಯಾಹ್ನದ ಸಾರು ಕುದಿಯುವ ಹೊತ್ತಿಗೆ ಸುದ್ದಿ ಊರಿನ ಕೊನೆಯ ಮನೆಗೂ ತಲುಪಿತು. ತಲುಪುವಾಗ, ಹುಡುಗಿ ದೇವರ ಪೀಠದ ಕಡೆ ನಾಲಿಗೆ ಚಾಚಿದಳು ಎಂದಾಗಿತ್ತು.

"ಕೂದಲು ಬರೋಕೆ ಮುಂಚೆ ಕೊಬ್ಬು ಬಂದದೆ" ಎಂದರು ತೆರೇಸಮ್ಮ.

ಲೂರ್ದುವಿನ ತಲೆಯಲ್ಲಿ ಎರಡು ಬೆರಳುದ್ದ ಕೂದಲಿತ್ತು. ತಮ್ಮನಿಗೆ ಗುಣವಾಗಲಿ ಎಂದು ಆರೋಗ್ಯಮಾತೆಗೆ ಹರಕೆ ಹೊತ್ತು, ಸೊಂಟ ಮುಟ್ಟುತ್ತಿದ್ದ ಜಡೆಯನ್ನು ಬೋಳಿಸಿಕೊಂಡು ಬಂದಿದ್ದಳು. ಜಡೆ ಸ್ವೀಕಾರವಾಯಿತು. ಉಳಿದದ್ದು ಆಗಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ. ಭಾನುವಾರದ ಪೂಜೆಯ ನಡುವೆ ಉಪದೇಶಿ ಚೌರಪ್ಪನವರು ಎದ್ದು ಒಂದು ಚೀಟಿ ಓದುತ್ತಾರೆ. ಹುಷಾರಿಲ್ಲದವರ ಚೀಟಿ. ಅದರಲ್ಲಿ ಬರೀ ಹೆಸರುಗಳು. ಓದಿ ಮುಗಿಸಿದ ಮೇಲೆ ಜನರೆಲ್ಲ, "ಪ್ರಭುವೇ, ನಮ್ಮ ಮೊರೆ ಆಲಿಸು" ಎನ್ನಬೇಕು.

ಉಪದೇಶಿ ಎಂದರೆ ಊರಿನ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವವರು. ಸ್ವಾಮಿಗಳು, ಅಂದರೆ ಪಾದ್ರಿಗಳು, ಇಲ್ಲದ ದಿನ ಹೆಣದ ಮುಂದೆ ಪ್ರಾರ್ಥನೆ ಹೇಳುವವರೂ ಅವರೇ. ಚೌರಪ್ಪನವರು ನಲವತ್ತು ವರ್ಷದಿಂದ ಎರಡೂ ಕೆಲಸ ಮಾಡಿಕೊಂಡು ಬಂದಿದ್ದರು. ಚೀಟಿಯನ್ನು ಅವರು ಒಂದೇ ಉಸಿರಿಗೆ ಓದುತ್ತಿದ್ದರು. ಸ್ವಾಮಿಗಳಿಗೆ ಪಕ್ಕದ ಊರಿನಲ್ಲಿ ಇನ್ನೊಂದು ಪೂಜೆ ಇರುತ್ತಿತ್ತು.

ಆ ಭಾನುವಾರದ ಚೀಟಿಯಲ್ಲಿ ಇನ್ನಾಸಿಯ ಹೆಸರಿತ್ತು.

ಇನ್ನಾಸಿ ಲೂರ್ದುವಿನ ತಮ್ಮ. ಹನ್ನೊಂದು ವರ್ಷದವನು. ಕಿಡ್ನಿ ಕೆಟ್ಟಿತ್ತು. ಎಪ್ಪತ್ತು ಭಾನುವಾರ ಅವನ ಹೆಸರು ಚೀಟಿಯಲ್ಲಿತ್ತು. ಆಮೇಲೆ ಅವನು ಸತ್ತ. ಮಣ್ಣು ಮಾಡಿ ಇಪ್ಪತ್ತಮೂರು ದಿನವಾಗಿತ್ತು. ಇಡೀ ಊರು ಬಂದು ಒಂದೊಂದು ಹಿಡಿ ಮಣ್ಣು ಹಾಕಿ ಹೋಗಿತ್ತು.

ಅದೇ ಊರು ಈಗ ಅವನಿಗೆ ಗುಣವಾಗಲಿ ಎಂದು ಬೇಡಿಕೊಂಡಿತು. ಯಾರಿಗೂ ಏನೂ ಅನ್ನಿಸಲಿಲ್ಲ.

ಲೂರ್ದುವಿಗೆ ಕೇಳಿಸಿತು. ಕೇಳಿಸಿದ ಕೂಡಲೇ ಇನ್ನೊಂದು ನೆನಪಾಯಿತು. ಹೋದ ವಾರದ ಚೀಟಿಯಲ್ಲೂ ಹೆಸರಿತ್ತು, ಅದರ ಹಿಂದಿನ ವಾರವೂ ಇತ್ತು. ಆ ಎರಡು ವಾರ ಅವಳೂ ಎಲ್ಲರ ಜೊತೆ ಬಾಯಿ ತೆರೆದಿದ್ದಳು.

ಮಧ್ಯಾಹ್ನ ಉಪದೇಶಿಯವರು ಹೊಳೆಯಲ್ಲಿ ಸ್ವಾಮಿಗಳ ಪೂಜೆಯ ನಿಲುವಂಗಿ ಒಗೆಯುತ್ತಿದ್ದರು. ಲೂರ್ದು ಹೋಗಿ ಕಲ್ಲಿನ ಪಕ್ಕ ನಿಂತಳು.

"ತಾತ, ಇನ್ನಾಸಿ ಸತ್ತು ಇಪ್ಪತ್ತಮೂರು ದಿನ ಆಯ್ತು."

"ಹೌದವ್ವ. ಶಿಲುಬೆ ಹಿಡ್ಕೊಂಡು ಮುಂದೆ ನಡೆದೋನು ನಾನೇ."

"ಬೆಳಿಗ್ಗೆ ಅವನಿಗೆ ಗುಣ ಆಗ್ಲಿ ಅಂತ ಓದಿದ್ರಿ."

"ಓದಿದೆ. ಈ ತೋಳು ಹಿಡ್ಕೊ."

ಹಿಡಿದಳು. ಇಬ್ಬರೂ ಎದುರುಬದುರು ನಿಂತು ನಿಲುವಂಗಿ ಹಿಂಡಿದರು.

"ಮರೆತು ಹಳೇ ಚೀಟಿ ಓದ್ಬಿಟ್ರಾ?"

"ಚೀಟಿ ವಾರಾ ವಾರಾ ಹೊಸದಾಗಿ ಬರೀತೀನಿ."

"ಮತ್ತೆ?"

"ಇನ್ನೂ ನೀರಿದೆ. ಹಿಂಡು."

ಲೂರ್ದು ಹಿಂಡಿದಳು. ಕೈ ಕೆಂಪಾಯಿತು.

"ಈಸ್ಟರ್ ದಿನ ಸತ್ತ ಒಬ್ಬರು ಎದ್ದರು ಅಂತ ಊರೆಲ್ಲ ಹಾಡ್ತು. ನಾನೂ ಹಾಡ್ದೆ. ಮನೆಗೆ ಹೋಗಿ ನೋಡ್ದೆ. ಇನ್ನಾಸಿ ಹಾಸಿಗೆ ಸುತ್ತಿಟ್ಟ ಹಾಗೇ ಇತ್ತು."

ಉಪದೇಶಿಯವರು ನಿಲುವಂಗಿಯ ಇನ್ನೊಂದು ತೋಳು ಹಿಂಡಿದರು.

"ಕೇಳಿಸ್ಕೊಳ್ಳೋರು ಯಾರೂ ಇಲ್ಲ ಅನ್ಸುತ್ತೆ ತಾತ. ಮೇಲೂ ಇಲ್ಲ, ಬೆಂಚಲ್ಲೂ ಇಲ್ಲ."

"ಇರಬಹುದು."

ಲೂರ್ದು ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಉಪದೇಶಿಯೊಬ್ಬರು ಹೀಗೆ ಸುಲಭವಾಗಿ ಒಪ್ಪಿಕೊಳ್ಳುವುದು ಪದ್ಧತಿಯಲ್ಲ. ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ದೃಢೀಕರಣದ ಪಟ್ಟಿಯಿಂದ ನನ್ನ ಹೆಸರು ತೆಗೀರಿ."

ದೃಢೀಕರಣಕ್ಕೆ ನಾಲ್ಕು ವಾರವಿತ್ತು. ಕೂಸಿಗೆ ಜ್ಞಾನಸ್ನಾನ ಕೊಡುವಾಗ ಅದರ ಪರವಾಗಿ ದೊಡ್ಡವರು ಮಾತು ಕೊಟ್ಟಿರುತ್ತಾರೆ. ಕೂಸು ಬೆಳೆದು ಅದೇ ಮಾತನ್ನು ಸ್ವಂತ ಬಾಯಿಂದ ಕೊಡಬೇಕು. ಅದಕ್ಕಾಗಿ ಬಿಷಪ್ಪರು ಬರುತ್ತಾರೆ. "ವಿಶ್ವಾಸಿಸುತ್ತೀರಾ?" ಎಂದು ಕೇಳುತ್ತಾರೆ. "ವಿಶ್ವಾಸಿಸುತ್ತೇನೆ" ಎನ್ನಬೇಕು. ಬೇರೆ ಉತ್ತರ ಪುಸ್ತಕದಲ್ಲಿ ಅಚ್ಚಾಗಿಲ್ಲ.

"ಅವ್ವನಿಗೆ ಹೇಳಿದ್ಯಾ?" ಎಂದರು ಉಪದೇಶಿ.

ಹೇಳಿರಲಿಲ್ಲ. ಅಪ್ಪ ಲಾರಿ ಓಡಿಸುವವನು, ಮಗನಿಗೆ ಮಣ್ಣು ಹಾಕಿದ ಮೂರನೆಯ ದಿನ ಮತ್ತೆ ಲಾರಿ ಹತ್ತಿದ್ದ. ಅವ್ವ ಬಟ್ಟೆ ಹೊಲಿಯುವವಳು. ಮಗ ಹೋದಾಗಿನಿಂದ ಅವಳು ಹೊಸಿಲು ದಾಟಿರಲಿಲ್ಲ, ಅತ್ತಿರಲಿಲ್ಲ. ಊರವರ ಬಟ್ಟೆಯನ್ನೆಲ್ಲ ವಾಪಸ್ಸು ಕಳಿಸಿದ್ದಳು. ಒಂದೇ ಒಂದು ಬಟ್ಟೆಗೆ ಮಾತ್ರ ಮಿಷನ್ ಮುಂದೆ ಕೂರುತ್ತಿದ್ದಳು. ಮಗಳ ದೃಢೀಕರಣದ ಬಿಳಿ ಗೌನು. ಆ ಮನೆಯಲ್ಲಿ ಈಗ ಆಗುತ್ತಿದ್ದ ಸದ್ದು ಅದೊಂದೇ.

"ನಾನು ಸುಳ್ಳು ಹೇಳೋದಾ ತಾತ, ಗೌನಿಗೋಸ್ಕರ?"

"ಬೇಡ."

"ಹೇಳದಿದ್ರೆ ಅವ್ವ?"

ಉಪದೇಶಿಯವರು ನಿಲುವಂಗಿಯನ್ನು ಒದರಿ ಹೊಂಗೆ ಕೊಂಬೆಯ ಮೇಲೆ ಹರಡಿದರು. ಸ್ವಾಮಿಗಳೇ ತಲೆ ಇಲ್ಲದೆ ನಿಂತ ಹಾಗೆ ಕಂಡಿತು.

"ಒಂದು ಕೆಲಸ ಮಾಡು. ನನ್ನ ಮಂಡಿ ನನ್ನ ಮಾತು ಕೇಳ್ತಿಲ್ಲ. ನಾಲ್ಕು ಶನಿವಾರ ನನ್ನ ಬದಲು ನೀನು ಮನೆಮನೆಗೆ ಹೋಗಿ ಚೀಟಿ ಬರ್ಕೊಂಡು ಬಾ. ನಾಲ್ಕನೇ ಶನಿವಾರ ದೃಢೀಕರಣದ ಪಟ್ಟಿ ನಿನ್ನ ಕೈಗೇ ಕೊಡ್ತೀನಿ. ಬೇಕಾದ್ರೆ ನೀನೇ ಹೆಸರು ಹೊಡೆದು ಹಾಕು."

"ಆಮೇಲೆ ಮಾತು ತಪ್ಪಬಾರದು."

"ತಪ್ಪಲ್ಲ. ನಾನು ಸ್ವಾಮಿಗಳಲ್ಲ, ಬರೀ ಉಪದೇಶಿ."

ಹೊರಡುವಾಗ ಅವರು ನಿಯಮ ಹೇಳಿದರು.

"ಬಾಗಿಲಲ್ಲಿ ನಿಂತು ಕೇಳು, ಒಳಗೆ ಹೋಗ್ಬೇಡ. ಹೇಳಿದ ಹೆಸರು ಬರಿ. ರೋಗ ಏನು ಅಂತ ಕೇಳ್ಬೇಡ."

"ಯಾಕೆ?"

"ರೋಗ ಕೇಳಿದ್ರೆ ಜನ ಸುಳ್ಳು ಹೇಳ್ತಾರೆ. ಆಮೇಲೆ ಒಂದೂ ಮನೆ ಬಿಡೋ ಹಾಗಿಲ್ಲ."

"ನಮ್ಮನೇನೂ?"

"ನಿಮ್ಮನೆ ಏನು ಪಾಪ ಮಾಡಿದೆ?"

ಮೊದಲ ಶನಿವಾರ ಲೂರ್ದು ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಹೊರಟಳು. ಮೊದಲ ಮನೆಯಲ್ಲೇ ತಕರಾರು ಬಂತು.

"ಗೌರಿ ಅಂತ ಬರ್ಕೊ" ಎಂದ ಮನೆಯ ಯಜಮಾನ.

"ಗೌರಿ ಹಸು ಅಲ್ವಾ ಮಾವ?"

"ರೋಗ ಕೇಳೋ ಹಾಗಿಲ್ಲ ಅಂದ್ಮೇಲೆ ಕಾಲೆಷ್ಟು ಅಂತ ಯಾಕೆ ಕೇಳ್ತೀಯ?"

ಲೂರ್ದು ಬರೆಯಲಿಲ್ಲ. ಯಜಮಾನ ಇದನ್ನು ಸ್ವಾಮಿಗಳ ತನಕ ಒಯ್ಯುವುದಾಗಿ ಹೇಳಿದ.

ತೆರೇಸಮ್ಮ ಬಾಗಿಲಲ್ಲೇ ಕಾಯುತ್ತಿದ್ದರು.

"ನನ್ನ ಹೆಸರು ಬರಿ. ಏನಾಗಿದೆ ಅಂತ ಕೇಳಲ್ವಾ?"

"ಕೇಳೋ ಹಾಗಿಲ್ಲ ದೊಡ್ಡಮ್ಮ."

"ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ತೆರೇಸಮ್ಮ ಕೇಳದೆಯೇ ಕಾಲು ಗಂಟೆ ಹೇಳಿದರು. ಬೆನ್ನಿನಿಂದ ಹೊರಟ ಒಂದು ನೋವು ಸೊಂಟ, ತೊಡೆ, ಸೊಸೆ ಎಲ್ಲವನ್ನೂ ಸುತ್ತಿಕೊಂಡು ಬಂತು. ಕೊನೆಗೆ, "ನಿನ್ನ ಬಾಯಿಗೆ ಏನಾಗಿದೆಯೋ ಅದನ್ನೂ ಬರ್ಕೊ" ಎಂದರು.

ಮದಲೇನಮ್ಮನ ಮನೆಯಲ್ಲಿ ಮುದುಕಿ ಜಗುಲಿಯ ಮಂಚದ ಮೇಲೆ ಮಲಗಿದ್ದಳು. ಬೆರಳು ಸನ್ನೆ ಮಾಡಿ ಹತ್ತಿರ ಕರೆದಳು.

"ನನ್ನ ಹೆಸರು ಬರೀಬೇಡ ಕಣವ್ವ. ಊರು ಕೇಳಿ ಕೇಳಿ ನನ್ನನ್ನ ಹಿಡ್ಕೊಂಡದೆ. ಬಿಟ್ಟುಬಿಡಿ ಅನ್ನು."

ಒಳಗಿನಿಂದ ಮಗ ಕೂಗಿದ. "ಬರಿ ಬರಿ. ಅದಕ್ಕೇನು ಗೊತ್ತಾಗುತ್ತೆ."

ಮನೆಯವರು ಹೇಳಿದ ಹೆಸರು. ಲೂರ್ದು ಬರೆದಳು.

ಕೊನೆಯದು ಅವಳ ಮನೆ. ಬಾಗಿಲು ತೆರೆದಿತ್ತು. ಅವ್ವ ಬೆನ್ನು ಹಾಕಿ ಮಿಷನ್ ತುಳಿಯುತ್ತಿದ್ದಳು. ಲೂರ್ದುವಿಗೆ ನಾಚಿಕೆಯಾಯಿತು. ಆದರೂ ನಿಯಮದಂತೆ ಹೊಸಿಲ ಆಚೆ ನಿಂತು, ಪರಕೀಯಳ ಹಾಗೆ ಕೇಳಿದಳು.

"ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ಮಿಷನ್ ನಿಂತಿತು.

"ಇನ್ನಾಸಿ" ಎಂದಳು ಅವ್ವ. ತಿರುಗಲಿಲ್ಲ.

"ಅವ್ವಾ, ನಾನು ಲೂರ್ದು."

"ಗೊತ್ತು. ಬರ್ಕೊ."

"ಅವನು ಸತ್ತೋದ ಕಣವ್ವ."

"ಉಪದೇಶಿಯವ್ರೂ ಹಂಗೇ ಅಂದ್ರು. ಬರ್ಕೊಳ್ಳಿ ಅಂದೆ. ಬರ್ಕೊಂಡ್ರು."

ಲೂರ್ದು ಹೊಸಿಲ ಮೇಲೆ ಕೈಯೂರಿದಳು. "ಯಾಕವ್ವ?"

"ಎಪ್ಪತ್ತು ವಾರ ಕೇಳಿದ್ರೂ ಮೇಲಿರೋನ ಕಿವಿಗೆ ಬೀಳಲಿಲ್ಲ. ಈಗ ಕೊಡೋಕೆ ಅವನ ಹತ್ರ ಏನೂ ಉಳಿದಿಲ್ಲ. ಆದ್ರೂ ಊರು ಕೇಳ್ತಾ ಇರ್ಲಿ. ವಾರಾ ವಾರಾ ಕೇಳ್ಲಿ. ನಾಚ್ಕೆ ಆಗ್ಲಿ ಅವನಿಗೆ."

ಮಿಷನ್ ಮತ್ತೆ ಓಡಿತು.

"ತೋಳಿನ ಅಳತೆ ಕೊಟ್ಟು ಹೋಗು ಬಾ" ಎಂದಳು ಅವ್ವ.

"ಒಳಗೆ ಬರೋ ಹಾಗಿಲ್ಲ."

"ಹಂಗಾರೆ ಸಂಜೆ ಕೊಡು."

ಲೂರ್ದು ಚೀಟಿ ಹಿಡಿದು ಹೊಳೆದಂಡೆಗೆ ಓಡಿದಳು. ಉಪದೇಶಿಯವರು ಮಂಡಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದರು.

"ಅವ್ವ ಬರ್ಸಿದ್ದು ಅಂತ ನೀವು ಯಾಕೆ ಹೇಳಲಿಲ್ಲ?"

"ಕೇಳೋ ಪದ್ಧತಿ ಇಲ್ಲ ಅಂದ್ಮೇಲೆ ಹೇಳೋ ಪದ್ಧತಿನೂ ಇಲ್ಲ."

"ಇದು ಪ್ರಾರ್ಥನೆ ಅಲ್ಲ ತಾತ. ಜಗಳ."

"ಮಾತು ಬಿಟ್ಟಿಲ್ಲ ಅಂತಾಯ್ತು."

"ಸತ್ತೋನಿಗೆ ಗುಣ ಮಾಡು ಅಂತ ಕೇಳೋದು ಸುಳ್ಳು. ದೇವಾಲಯದಲ್ಲಿ ನಿಂತು ಸುಳ್ಳು ಓದ್ತೀರಲ್ಲ!"

"ಹೌದಾ? ಹಾಗಾದ್ರೆ ಹೋಗು. ನಿನ್ನ ಮಗ ಸತ್ತಿದ್ದಾನೆ, ಇನ್ನು ಹೆಸರು ಹೇಳ್ಬೇಡ ಅಂತ ಅವ್ವನಿಗೆ ಹೇಳಿ ಬಾ. ನಾನು ಇಲ್ಲೇ ಕೂತಿರ್ತೀನಿ."

ಲೂರ್ದು ನಾಲ್ಕು ಹೆಜ್ಜೆ ಹೋದಳು. ನಿಂತಳು. ವಾಪಸ್ಸು ಬಂದಳು. ಚೀಟಿಯಲ್ಲಿ ತಮ್ಮನ ಹೆಸರು ಬರೆದು ಅವರ ಕೈಗಿಟ್ಟಳು.

ಮರುದಿನ ಊರು ಇನ್ನಾಸಿಗಾಗಿ ಮತ್ತೆ ಬೇಡಿಕೊಂಡಿತು. ಲೂರ್ದುವಿನ ಬಾಯಿ ಆ ವಾರವೂ ತೆರೆಯಲಿಲ್ಲ. ತೆರೇಸಮ್ಮ ಅದನ್ನು ಗಮನಿಸಿ, ಪರಿಸ್ಥಿತಿ ಸುಧಾರಿಸಿಲ್ಲ ಎಂದು ತಿಳಿಸಿದರು.

ಎರಡನೆಯ ಶನಿವಾರ ಹಾಗೇ ಹೋಯಿತು. ಹೊಸ ಹೆಸರು ಎರಡು ಸೇರಿದವು. ಸಂಜೆ ಗೌನಿನ ಅಂಚು ಮಡಿಸಲು ಲೂರ್ದುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅವ್ವ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಸುತ್ತ ತಿರುಗಿದಳು. ಆ ದಿನ ನಾನೂ ಬರ್ತೀನಿ ಎಂದಳು, ಪಿನ್ನುಗಳ ನಡುವೆಯೇ. ಹೊಸಿಲು ದಾಟುವ ಮಾತನ್ನು ಅವ್ವ ಆಡಿದ್ದು ಅದೇ ಮೊದಲು.

ಲೂರ್ದು ಸ್ಟೂಲಿನ ಮೇಲೆ ಅಲುಗಾಡದೆ ನಿಂತಳು. ಅಲುಗಾಡಿದರೆ ಪಿನ್ನು ಚುಚ್ಚುತ್ತದೆ.

ಮೂರನೆಯ ಶನಿವಾರ ಮದಲೇನಮ್ಮನ ಮಂಚ ಖಾಲಿಯಿತ್ತು. ಗುರುವಾರ ತೀರಿಕೊಂಡಿದ್ದಳು.

"ತೆಗೆದುಬಿಡವ್ವ ಹೆಸರು" ಎಂದ ಮಗ. "ಕೆಲಸ ಮುಗೀತಲ್ಲ."

ಲೂರ್ದು ಹಳೆಯ ಚೀಟಿ ತೆಗೆದು ಮದಲೇನಮ್ಮನ ಮೇಲೆ ಗೆರೆ ಎಳೆದಳು. ಗೆರೆ ಎಳೆಯಲು ಒಂದು ಕ್ಷಣ ಸಾಕಾಯಿತು. ಆ ಸುಲಭಕ್ಕೇ ಅವಳಿಗೆ ಭಯವಾಯಿತು.

ಅಂದು ಅವಳು ಉಪದೇಶಿಯವರನ್ನು ನೇರವಾಗಿ ಕೇಳಿದಳು.

"ನಲವತ್ತು ವರ್ಷದಿಂದ ಬರೀತಿದ್ದೀರಿ. ಬರೆದವರಲ್ಲಿ ಎಷ್ಟು ಜನ ಉಳಿದ್ರು ತಾತ?"

ಅವರು ಯೋಚಿಸಿದರು. ಪ್ರಾಮಾಣಿಕವಾಗಿ ಯೋಚಿಸುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು.

"ಎಲ್ಲರೂ ಸತ್ತರು. ಕೆಲವರು ಸ್ವಲ್ಪ ತಡವಾಗಿ."

"ಮತ್ತೆ ಯಾಕೆ ಬರೀತೀರಿ?"

"ಶನಿವಾರ ಮನೆಮನೆಗೆ ಹೋಗಿ ಕೇಳೋರು ಬೇರೆ ಯಾರೂ ಇಲ್ಲ."

"ಅಷ್ಟೇನಾ?"

"ಅಷ್ಟೇ."

"ಅಷ್ಟಕ್ಕೆ ದೇವರು ಯಾಕೆ ಬೇಕು? ನೀವೊಬ್ಬರೇ ಸಾಕಲ್ಲ."

"ನನ್ನ ಹತ್ರ ಮಾತ್ರೆ ಇಲ್ಲ" ಎಂದರು ಉಪದೇಶಿ.

"ಅವನ ಹತ್ರ ಇದ್ಯಾ?"

ಅವರು ಎಣ್ಣೆಯ ಬಟ್ಟಲನ್ನು ಅವಳ ಕಡೆ ಸರಿಸಿದರು.

"ಈ ಮಂಡಿಗೆ ಕೈ ಎಟುಕಲ್ಲ. ನೀನು ತಿಕ್ಕು."

ಲೂರ್ದು ತಿಕ್ಕಿದಳು. ಉತ್ತರ ಸಿಗದ ಸಿಟ್ಟೆಲ್ಲ ಮಂಡಿಯ ಮೇಲೆ ಬಿತ್ತು. ಉಪದೇಶಿಯವರು ಒಮ್ಮೆ ಮುಲುಗಿದರು, ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಆ ವಾರವೆಲ್ಲ ಅವಳು ರಾತ್ರಿಯ ಜಪಮಾಲೆಗೆ ಕೂರಲಿಲ್ಲ. ಜಪಮಣಿ ಅವ್ವನ ಕೈಯಲ್ಲೂ ಇರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಅದನ್ನು ಹೇಳಲಿಲ್ಲ. ಗೋಡೆಯ ಮೇಲಿನ ಪಟದಲ್ಲಿ ತೆರೆದ ಎದೆಯ ಯೇಸು ಎಂದಿನಂತೆ ಎರಡು ಬೆರಳೆತ್ತಿ, ಏನೋ ಹೇಳಲು ಹೊರಟವನ ಹಾಗೆ ನಿಂತಿದ್ದ. ಹದಿನೈದು ವರ್ಷದಿಂದ ಅವಳು ನೋಡುತ್ತ ಬಂದಿದ್ದಳು, ಇನ್ನೂ ಹೇಳಿರಲಿಲ್ಲ.

ನಾಲ್ಕನೆಯ ಶನಿವಾರ. ಎಲ್ಲ ಮನೆ ಮುಗಿಸಿ, ಅವ್ವನ ಬಾಯಿಂದ ಇನ್ನಾಸಿಯ ಹೆಸರು ಬರೆದುಕೊಂಡು, ಲೂರ್ದು ಹೊಂಗೆ ಮರದ ಕೆಳಗೆ ಕುಳಿತಳು. ಮನೆಯೊಳಗೆ ಬಿಳಿ ಗೌನು ಇಸ್ತ್ರಿಯಾಗಿ ಗೂಟಕ್ಕೆ ನೇತಾಡುತ್ತಿತ್ತು. ಅವಳು ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ಪೆನ್ನು ಒತ್ತಿ ತಮ್ಮನ ಹೆಸರಿನ ಕೆಳಗೆ ಇನ್ನೊಂದು ಹೆಸರು ಬರೆದಳು.

ಹೊಳೆದಂಡೆಯ ತಮ್ಮ ಮನೆಯ ಮುಂದೆ ಉಪದೇಶಿಯವರು ಚೀಟಿ ತೆಗೆದುಕೊಂಡು ಕನ್ನಡಕ ಏರಿಸಿ ಓದಿದರು. ಒಂದು ಕಡೆ ಬೆರಳು ನಿಂತಿತು.

"ಸರ್ವೇಶ್ವರ."

ಆ ಊರಿನಲ್ಲಿ ಯಾರಿಗೂ ಸರ್ವೇಶ್ವರ ಎಂದು ಹೆಸರಿಲ್ಲ. ಪ್ರಾರ್ಥನೆಯಲ್ಲಿ ದೇವರನ್ನು ಕರೆಯುವುದು ಹಾಗೆ.

ಲೂರ್ದು ಗಲ್ಲ ಮೇಲೆತ್ತಿ ನಿಂತಳು. ಹೊಡೆತ ಬಿದ್ದರೆ ಬೀಳಲಿ ಎಂದು.

"ಯಾವ ಮನೆಯವರು ಹೇಳಿದ್ದು?" ಎಂದರು ಉಪದೇಶಿ.

"ನಮ್ಮನೆ."

"ಅವ್ವನಾ?"

"ನಾನು."

ಅವರು ಅವಳ ಮುಖ ನೋಡಿದರು. ಆಮೇಲೆ ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು.

"ಏನೂ ಕೇಳಲ್ವಾ?" ಎಂದಳು ಲೂರ್ದು.

"ಮನೆಯವರು ಹೇಳಿದ ಮೇಲೆ ರೋಗ ಕೇಳೋ ಹಾಗಿಲ್ಲ."

ಒಳಗೆ ಹೋಗಿ ದೃಢೀಕರಣದ ಪಟ್ಟಿ ತಂದರು. ಹನ್ನೆರಡು ಹೆಸರು. ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟರು. ಲೂರ್ದು ತಡೆಯುತ್ತಾರೆಂದು ಕಾದಳು. ಅವರು ಹೊಳೆಯ ಕಡೆ ನೋಡುತ್ತಿದ್ದರು.

ಏಳನೆಯ ಹೆಸರಿನ ಮೇಲೆ ಅವಳು ಗೆರೆ ಎಳೆದಳು.

"ನೇರವಾಗಿ ಎಳಿ" ಎಂದರು ಉಪದೇಶಿ. "ಬಿಷಪ್ಪರು ನೋಡೋ ಪಟ್ಟಿ."

ಭಾನುವಾರ ಅವ್ವ ಹೊಸಿಲು ದಾಟಿದಳು. ಬೀದಿಯಲ್ಲಿ ಜನ ದಾರಿ ಬಿಟ್ಟು ನಿಂತರು. ಲೂರ್ದು ಬಿಳಿ ಗೌನು ತೊಟ್ಟು ಪಕ್ಕದಲ್ಲಿ ನಡೆದಳು. ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡಳು, ಹೇಳಲಿಲ್ಲ.

ದೇವಾಲಯದಲ್ಲಿ ಮುಂದಿನ ಎರಡು ಬೆಂಚು ದೃಢೀಕರಣದ ಮಕ್ಕಳಿಗೆ. ಲೂರ್ದು ಅವ್ವನ ಜೊತೆ ಹಿಂದೆಯೇ ಕುಳಿತಳು.

"ಮುಂದೆ ಹೋಗು" ಎಂದಳು ಅವ್ವ.

"ನನ್ನ ಹೆಸರಿಲ್ಲ ಅವ್ವ."

"ಯಾರು ತೆಗೆದ್ರು?"

"ನಾನೇ."

ಗೌನಿನ ತೋಳಿನ ಅಂಚಿನಲ್ಲಿ ಒಂದು ನೂಲು ಎದ್ದಿತ್ತು. ಅವ್ವ ಬಗ್ಗಿ ಅದನ್ನು ಹಲ್ಲಿನಿಂದ ಕಡಿದಳು.

ಬಿಷಪ್ಪರು ಕೇಳಿದರು. ಹನ್ನೊಂದು ದನಿಗಳು "ವಿಶ್ವಾಸಿಸುತ್ತೇನೆ" ಎಂದವು. ಎರಡು ಮೂರು ದನಿ ಉಳಿದವುಗಳಿಗಿಂತ ಮುಂದೆ ಓಡಿದವು, ಅಭ್ಯಾಸ ಸಾಲದೆ. ಹಣೆಗೆ ಎಣ್ಣೆ ಹಚ್ಚುವುದು ಮುಗಿಯಿತು. ಫೋಟೋದವನು ಬೆಂಚು ಹತ್ತಿ ಇಳಿದ.

ಉಪದೇಶಿ ಚೌರಪ್ಪನವರು ಎದ್ದು ಚೀಟಿ ಬಿಡಿಸಿದರು.

ಆ ದಿನ ಅವರು ಒಂದೇ ಉಸಿರಿಗೆ ಓದಲಿಲ್ಲ. ಒಂದು ಹೆಸರು ಓದಿ, ತಲೆ ಎತ್ತಿ, ಇನ್ನೊಂದು ಓದಿದರು. ಸ್ವಾಮಿಗಳು ಗಡಿಯಾರ ನೋಡಿಕೊಂಡರು.

"ತೆರೇಸಮ್ಮ."

"ಇನ್ನಾಸಿ."

"ಸರ್ವೇಶ್ವರ."

ಓದು ಮುಗಿಯಿತು. ಮುನ್ನೂರು ಬಾಯಿಗಳು, ಬಿಷಪ್ಪರದೂ ಸೇರಿ, ಒಟ್ಟಿಗೆ ತೆರೆದವು.

"ಪ್ರಭುವೇ, ನಮ್ಮ ಮೊರೆ ಆಲಿಸು."

ಸರ್ವೇಶ್ವರನಿಗೆ ಗುಣವಾಗಲಿ ಎಂದು ಊರು ಸರ್ವೇಶ್ವರನಲ್ಲೇ ಬೇಡಿಕೊಂಡಿತು. ಒಂದು ಬೆಂಚೂ ಕಿರುಗುಟ್ಟಲಿಲ್ಲ.

ಅವ್ವ ಮಾತ್ರ ತಿರುಗಿದಳು.

"ಅದು ಯಾರು ಬರ್ದಿದ್ದು?"

"ನಾನು."

ಅವ್ವ ಮುಂದೆ ಪೀಠದ ಕಡೆ ನೋಡಿದಳು. ಆಮೇಲೆ ಪಿಸುಗುಟ್ಟಿದಳು.

"ಅವನಿಗೆ ಏನಾಗಿದೆ?"

"ರೋಗ ಕೇಳೋ ಪದ್ಧತಿ ಇಲ್ಲ ಕಣವ್ವ."

ಆಗ ಅವ್ವ ಅತ್ತಳು. ಸೆರಗು ಬಾಯಿಗೆ ತುರುಕಿಕೊಂಡು, ಬೆಂಚು ಅಲುಗುವ ಹಾಗೆ ಅತ್ತಳು. ಇನ್ನಾಸಿಯ ಮೇಲೆ ಮಣ್ಣು ಬಿದ್ದಾಗ ಬಾರದ ಅಳು ಎಲ್ಲವೂ ಬಂತು. ಲೂರ್ದು ಅವಳ ಕೈ ಹಿಡಿದುಕೊಂಡಳು. ಅವಳಿಗೆ ಬೇರೇನೂ ಗೊತ್ತಿರಲಿಲ್ಲ.

ಮಗಳ ಬಿಳಿ ಗೌನು ನೋಡಿ ತಾಯಿಗೆ ಆನಂದಬಾಷ್ಪ ಬಂತು ಎಂದು ತೆರೇಸಮ್ಮ ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ತಿಳಿಸಿದರು. ಹುಡುಗಿಗೆ ದೃಢೀಕರಣ ಆಗಲೇ ಇಲ್ಲ ಎಂಬುದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಬಿಷಪ್ಪರ ಊಟದ ಗಡಿಬಿಡಿಯಲ್ಲಿ ಸ್ವಾಮಿಗಳು ಒಂದೇ ಒಂದು ಮಾತು ಹೇಳಿದರು. ಚೀಟಿ ಉದ್ದವಾಗುತ್ತಿದೆ, ಸ್ವಲ್ಪ ನೋಡಿಕೊಳ್ಳಿ.

ಮುಂದಿನ ಶನಿವಾರ ಕರಾರು ಮುಗಿದಿತ್ತು. ಆದರೂ ಲೂರ್ದು ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಹೊರಟಳು. ಯಾಕೆ ಎಂದು ಯಾರೂ ಕೇಳಲಿಲ್ಲ.

ಕೊನೆಗೆ ತನ್ನ ಮನೆಯ ಹೊಸಿಲ ಆಚೆ ನಿಂತಳು. ಅವ್ವ ಮಿಷನ್ ಮುಂದೆ ಇದ್ದಳು. ಯಾರದೋ ಶಾಲೆಯ ಅಂಗಿ ಹೊಲಿಯುತ್ತಿದ್ದಳು.

"ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ಮಿಷನ್ ನಿಲ್ಲಲಿಲ್ಲ.

"ಯಾರೂ ಇಲ್ಲ" ಎಂದಳು ಅವ್ವ. "ಮುಂದಿನ ಮನೆಗೆ ಹೋಗು."

ಮುಂದೆ ಮನೆ ಇರಲಿಲ್ಲ. ಲೂರ್ದು ಪೆನ್ನು ಹಿಡಿದು ಅಲ್ಲೇ ನಿಂತಳು. ಇನ್ನಾಸಿಯ ಹೆಸರು ಬೇಡ ಎನ್ನುತ್ತಲೇ ನಾಲ್ಕು ವಾರ ಅದನ್ನು ಹೊತ್ತು ತಿರುಗಿದವಳು ಅವಳೇ. ಈಗ ಅವ್ವ ಜಗಳವನ್ನೂ ಬಿಟ್ಟಿದ್ದಳು. ಇನ್ನಾಸಿ ಇವತ್ತು ಸತ್ತ ಹಾಗಾಯಿತು.

ಹೊಳೆದಂಡೆಯಲ್ಲಿ ಉಪದೇಶಿಯವರು ಅವಳು ಬರುವುದನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಅವ್ವ ಇನ್ನಾಸಿ ಹೆಸರು ಹೇಳಲಿಲ್ಲ" ಎಂದಳು.

ಅವರು ತಲೆಯಾಡಿಸಿದರು.

"ನಾನು ಬರೀಲಾ ತಾತ? ನಾನೂ ಮನೆಯವಳೇ."

"ಬರಿ. ನಿನಗೆ ಹಾಗನ್ನಿಸಿದ್ರೆ."

ಲೂರ್ದು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹೊಳೆ ಹರಿಯುತ್ತಿತ್ತು. ಒಂದು ಅಕ್ಷರ ಬರೆದಳು. ಅದನ್ನು ಹೊಡೆದು ಹಾಕಿದಳು. ಕಣ್ಣೊರೆಸಿಕೊಂಡಳು.

"ನಾನು ಇನ್ನೂ ನಂಬಲ್ಲ ತಾತ."

"ಸರಿ."

"ಬಿಷಪ್ಪರು ಮತ್ತೆ ಯಾವಾಗ ಬರ್ತಾರೆ?"

"ಮೂರು ವರ್ಷಕ್ಕೆ."

"ಆಗಲೂ ನಂಬದಿದ್ರೆ?"

ಉಪದೇಶಿಯವರು ಕೈ ಚಾಚಿದರು. ಲೂರ್ದು ಚೀಟಿ ಕೊಟ್ಟಳು. ಅವರು ಕನ್ನಡಕ ಏರಿಸಿ ಒಂದೊಂದೇ ಹೆಸರು ಓದಿದರು. ಕೊನೆಯಲ್ಲಿದ್ದ ಸರ್ವೇಶ್ವರನ ಮೇಲೆ ಬೆರಳಿಟ್ಟು ಅವಳನ್ನು ನೋಡಿದರು.

"ಅದು ಹಾಗೇ ಇರ್ಲಿ" ಎಂದಳು ಲೂರ್ದು. "ಇನ್ನೂ ಕೇಳಿಸ್ತಿಲ್ಲ ಅವನಿಗೆ."

ಅವರು ಬೆರಳನ್ನು ಮೊದಲ ಹೆಸರಿಗೆ ಒಯ್ದು, ಮೇಲಿನಿಂದ ಕೆಳಗೆ, ಕೊನೆಯದನ್ನೂ ಸೇರಿಸಿ ಎಣಿಸಿಕೊಂಡು ಬಂದರು.

"ಈ ವಾರ ಒಂಬತ್ತು ಜನ" ಎಂದರು ಉಪದೇಶಿ.